ಕರೆಂಟಿನ ನಾಡಿ ಹಿಡಿದ ಕಾಕಾ

ನಮ್ಮ ಕಾಕಾನನ್ನು ಯಾವಾಗ ಬೇಕಾದರೂ ಕೇಳಿ ನೋಡಿ, ಮನೆಯ ವಾಷಿಂಗ್ ಮಷೀನು ಈ ಕ್ಷಣದಲ್ಲಿ ಏನು ಮಾಡುತ್ತಿದೆ ಎಂದು ಕರಾರುವಾಕ್ಕಾಗಿ ಹೇಳುತ್ತಾರೆ. ಸ್ವತಃ ಅವರು ಊಟ ಮಾಡಿದರೋ ಇಲ್ಲವೋ ಎಂಬುದನ್ನು ಮಾತ್ರ ಕಾಕುವನ್ನೇ ಕೇಳಬೇಕು!

ಕಾಕಾ ಎಂದರೆ ನನ್ನ ತಂದೆಯ ತಮ್ಮ, ಕಾಕು ಅವರ ಹೆಂಡತಿ. ಬೈಲಹೊಂಗಲದ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದು ನಿವೃತ್ತರಾದವರು. ನಾನು ಕೆಲಸದಲ್ಲಿರುವುದು ಸವದತ್ತಿಯಲ್ಲಿ. ರವಿವಾರ ಬಸ್ಸು ಹಿಡಿದು ಅವರ ಮನೆಗೆ ಹೋಗುವುದು ರೂಢಿ. ಕರೆಂಟಿಗೂ ಕಾಕಾನಿಗೂ ಇದ್ದ ಸಂಬಂಧ ಬಲ್ಬು ಬದಲಿಸುವಷ್ಟರದು, ಅದಕ್ಕೂ ಕಾಕು ಕೆಳಗೆ ಸ್ಟೂಲು ಹಿಡಿದು ನಿಲ್ಲಬೇಕಿತ್ತು. ಅಂಥವರು ಕರೆಂಟಿನ ನಾಡಿ ಹಿಡಿಯಲು ಹೊರಟದ್ದಕ್ಕೆ ಕಾರಣವೂ ಕಾಕುವೇ.

ಕಾಕುವಿಗೆ ಈಚೆಗೆ ಕಿವಿ ಮಂದವಾಗುತ್ತ ಬಂದಿದೆ. ಡಾಕ್ಟರರು ಕೊಟ್ಟ ಯಂತ್ರವನ್ನು ಒಂದು ವಾರ ಕಿವಿಯಲ್ಲಿಟ್ಟುಕೊಂಡು, "ಇದರಾಗ ಫ್ಯಾನಿಂದ ಸಪ್ಪಳ ಜೋರು, ಮಂದೀದು ಕಡಿಮಿ" ಎಂದು ತೆಗೆದು ಡಬ್ಬಿಯಲ್ಲಿಟ್ಟರು. ಬಟ್ಟೆ ಒಗೆದು ಮುಗಿಸಿದ ಮಷೀನು ಪೀ ಪೀ ಎಂದು ಕೂಗಿ ಕೂಗಿ, ಕಾಕುವಿಗೆ ಕೇಳಿಸದೆ ಸುಮ್ಮನಾಗುತ್ತಿತ್ತು. ಒದ್ದೆ ಬಟ್ಟೆ ಸಂಜೆಯವರೆಗೂ ಒಳಗೇ ಮುಗ್ಗುತ್ತಿತ್ತು. ಕಾಕಾ ಪಡಸಾಲೆಯಿಂದಲೇ "ಏ, ಮಷೀನ್ ಮುಗದೈತಿ" ಎಂದು ಒದರುತ್ತಿದ್ದರು. ಅಡುಗೆಮನೆಗೆ ಅದು ತಲುಪುತ್ತಿರಲಿಲ್ಲ, ಓಣಿಗೆಲ್ಲ ತಲುಪುತ್ತಿತ್ತು. ಒಂದು ದಿನ ಎದುರುಮನೆಯಾಕೆ ಒಳಗೇ ಬಂದು, ಕಾಕುವಿನ ಹೆಗಲು ಮುಟ್ಟಿ, "ಅಕ್ಕಾರ, ನಿಮ್ಮ ಅರಬಿ ಒಗದು ಮುಗದಾವಂತ್ರಿ" ಎಂದು ತಿಳಿಸಿ ಹೋದಳು.

ಅವಳು ಹೋದ ಮೇಲೆ ಕಾಕು ಒದ್ದೆ ಬಟ್ಟೆಯನ್ನು ಬುಟ್ಟಿಗೆ ತುಂಬಿದರು. ಆಮೇಲೆ ಅಂದರು, "ನನ್ನ ಮನಿ ಸುದ್ದಿ ಓಣಿಗೆ ಮೊದಲ, ನನಗ ಆಮ್ಯಾಲ. ಮನಿಯಾಗ ಇದ್ದೂ ಇಲ್ಲದಂಗ ಆಗೇನಿ ನೋಡು."

ಕಾಕಾ ಈ ಮಾತನ್ನು ಕೇಳಿಸಿಕೊಂಡರು. ಮರುವಾರ ನಾನು ಹೋದಾಗ ಗೋಡೆಯ ಪ್ಲಗ್ಗಿಗೂ ಮಷೀನಿಗೂ ನಡುವೆ ಒಂದು ಬಿಳಿ ಡಬ್ಬಿ ಕೂತಿತ್ತು.

"ಇದು ಮಷೀನು ಎಷ್ಟು ಕರೆಂಟ್ ತಿನ್ನಾಕತ್ತೈತಿ ಅಂತ ನೋಡತೈತಿ" ಎಂದು ಕಾಕಾ ನನಗೆ ವಿವರಿಸಿದರು. "ತಿನ್ನೂದು ಬಿಟ್ಟಿತು ಅಂದ್ರ ಕೆಲಸ ಮುಗೀತು. ಮುಗದ ಕೂಡಲೇ ಅಡಗಿಮನ್ಯಾಗ ಹಳದಿ ದೀಪ ಹತ್ತತೈತಿ. ಕೇಳೂದ ಬ್ಯಾಡ ತಂಗಿ, ಕಂಡ್ರ ಸಾಕು."

ಅಂದೇ ದೀಪ ಹತ್ತಿತು. ಕಾಕು ಬುಟ್ಟಿ ಹಿಡಿದು ಹೋಗಿ ಮುಚ್ಚಳ ತೆಗೆದರೆ ಕಾಕಾನ ಧೋತರ ನೊರೆಯಲ್ಲಿ ಮುಳುಗಿ ಕೂತಿತ್ತು.

"ಮುಗದೈತಿ ಅಂತು ನಿಮ್ಮ ದೀಪ?"

"ಮುಗದಿಲ್ಲ, ಅರಬಿ ನೆನೀಲಿಕ್ಕೆ ಬಿಟ್ಟು ಮಷೀನು ದಣಿವು ಆರಿಸಿಕೊಳ್ಳಾಕತ್ತೈತಿ" ಎಂದು ಕಾಕಾ ಅವರ ಕಿವಿಯ ಹತ್ತಿರ ಹೋಗಿ ಕೂಗಿದರು.

"ಹಂಗಾರ ನನಗೂ ಒಂದು ಡಬ್ಬಿ ಹಚ್ರಿ. ನಾ ದಣಿವು ಆರಿಸಿಕೊಳ್ಳೂ ಮುಂದ ನೀವು ಚಾ ಕೇಳತೀರಿ."

ಅಂದಿನಿಂದ ಕಾಕಾ ಮಷೀನಿನ ಎದುರು ಕುರ್ಚಿ ಹಾಕಿಕೊಂಡು ಕೂತರು. ಮೊಬೈಲಿನಲ್ಲಿ ಕರೆಂಟಿನ ಗೆರೆ ಏರುವುದು, ಇಳಿಯುವುದು. ಎದುರಿಗೆ ಮಷೀನು ತಿರುಗುವುದು, ನಿಲ್ಲುವುದು. ಎರಡನ್ನೂ ತಾಳೆ ನೋಡಿ ಕೊನೆಗೆ ಸೂತ್ರ ಕಂಡುಹಿಡಿದರು: ಗೆರೆ ಕೆಳಗಿಳಿದರೆ ಸಾಲದು, ಇಳಿದು ಕೆಲವು ನಿಮಿಷ ಅಲ್ಲಿಯೇ ಬಿದ್ದುಕೊಂಡಿರಬೇಕು. ಆಗ ಮಾತ್ರ ಮುಗಿದಂತೆ.

ಸೂತ್ರ ಸರಿಯಾಗಿಯೇ ಇತ್ತು. ಆದರೆ ನಮ್ಮೂರ ಕಡೆ ಕರೆಂಟೇ ಹೋಗುತ್ತದಲ್ಲ? ಅಷ್ಟರಲ್ಲಿ ಕಾಕಾ ಅನ್ನದ ಕುಕ್ಕರಿಗೂ ರುಬ್ಬುವ ಗ್ರೈಂಡರಿಗೂ ಒಂದೊಂದು ಡಬ್ಬಿ ಹಚ್ಚಿದ್ದರು. ಒಂದು ಮಧ್ಯಾಹ್ನ ಕರೆಂಟು ಹೋಯಿತು. ಗೆರೆಗಳೆಲ್ಲ ಒಟ್ಟಿಗೆ ನೆಲಕ್ಕೆ ಬಿದ್ದು, ಮೇಲೇಳಲಿಲ್ಲ. ಇನ್ವರ್ಟರಿನಿಂದ ಉರಿಯುವ ಹಳದಿ ದೀಪ ಮಾತ್ರ ಝಗ್ಗನೆ ಹತ್ತಿ, ಬಟ್ಟೆ ಒಗೆದಾಯಿತು, ಅನ್ನ ಬೆಂದಿತು, ಹಿಟ್ಟು ನುಣ್ಣಗಾಯಿತು ಎಂದು ಸಾರಿತು. ಒಂದೇ ಏಟಿಗೆ ಇಷ್ಟು ಮನೆಗೆಲಸ ಮುಗಿದದ್ದು ಆ ಮನೆಯ ಇತಿಹಾಸದಲ್ಲೇ ಮೊದಲು! ದೀಪವನ್ನು ನಂಬಿ ಕಾಕು ಬಡಿಸಿದರು. ನಾನು ಒಂದು ತುತ್ತು ಬಾಯಿಗಿಟ್ಟೆ. ಹೆಚ್ಚು ಹೇಳುವುದಿಲ್ಲ.

"ಕರೆಂಟ್ ಹೋದ್ರ ಕೆಲಸ ಮುಗದಂಗ ಅಂತ ನಿಮಗ ಕಲಿಸಿದವರು ಯಾರು?" ಎಂದರು ಕಾಕು.

"ನಮ್ಮ ಸಾಲ್ಯಾಗ ಹಂಗ ಇತ್ತು" ಎಂದು ಕಾಕಾ ನನ್ನ ಕಡೆ ತಿರುಗಿ ಗೊಣಗಿದರು.

ಇದನ್ನೂ ಸರಿಪಡಿಸಿದರು. ಆದರೆ ಅಷ್ಟು ದಿನ ಗೆರೆ ನೋಡುತ್ತ ಕೂತರೆ ಡ್ರಾಯಿಂಗ್ ಮಾಸ್ತರರ ಕೈ ಸುಮ್ಮನಿರುತ್ತದೆಯೇ? ಮಷೀನಿನ ಒಂದು ಪೂರ್ತಿ ಸುತ್ತಿನ ಗೆರೆಯನ್ನು ದೊಡ್ಡ ಹಾಳೆಯ ಮೇಲೆ ಇದ್ದಿಲಿನಲ್ಲಿ ಬರೆದು, ಕಟ್ಟು ಹಾಕಿಸಿ, ಪಡಸಾಲೆಯಲ್ಲಿ ತೂಗುಹಾಕಿದರು. ಬಟ್ಟೆ ತಿರುವುವಾಗಿನ ಸಣ್ಣ ಸಣ್ಣ ದಿಬ್ಬಗಳು, ಹಿಂಡುವಾಗಿನ ಎತ್ತರದ ಶಿಖರ, ಆಮೇಲೆ ಬಯಲು. ಮನೋಳಿಯಿಂದ ಬಂದ ಬೀಗರೊಬ್ಬರು ಅದರೆದುರು ಭಕ್ತಿಯಿಂದ ನಿಂತರು.

"ಭಾಳ ಛಂದ ಬಂದೈತ್ರಿ ಮಾಸ್ತರ. ಯಲ್ಲಮ್ಮನ ಗುಡ್ಡ ಹೌದಲ್ರಿ?"

"ಅಲ್ರಿ, ಎರಡು ಚಾದರ, ನಾಕು ತಲಿದಿಂಬಿನ ಗಲೀಫ" ಎಂದರು ಕಾಕಾ.

ಬೀಗರು ಅರ್ಧ ಎತ್ತಿದ್ದ ಕೈಗಳನ್ನು ಮೆಲ್ಲಗೆ ಕೆಳಗಿಳಿಸಿದರು.

ಈಗ ದೀಪ ತಪ್ಪುವುದಿಲ್ಲ. ಹತ್ತಿದ ಕೂಡಲೇ ಕಾಕು ಎದ್ದು ಹೋಗುತ್ತಾರೆ, ಓಣಿಗೆ ಸುಳಿವೇ ಇರುವುದಿಲ್ಲ. ಕಾಕಾ ಗೆದ್ದ ಪೈಲ್ವಾನನ ಹಾಗೆ ಓಡಾಡುತ್ತಿದ್ದರು. ಒಂದು ರವಿವಾರ ಊಟದ ಹೊತ್ತಿಗೆ ಅವರು ಏನೋ ನಗೆಮಾತು ಹೇಳಿದರು, ನಾನು ನಕ್ಕೆ. ಕಾಕು ಇಬ್ಬರ ಮುಖವನ್ನೂ ಒಮ್ಮೆ ನೋಡಿ ಪಲ್ಯ ಬಡಿಸಿದರು.

"ಮಷೀನಿನ ಮಾತು ನಿಮ್ಮ ದೀಪ ಹೇಳತೈತಿ. ನಿಮ್ಮ ಮಾತಿಗೆ ಯಾವ ದೀಪ ಐತ್ರಿ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

ಕಾಕಾ ತಾಟು ನೋಡುತ್ತ ಊಟ ಮುಗಿಸಿದರು.

ಮುಂದಿನ ಸಲ ನಾನು ಹೋದಾಗ ಬಾಗಿಲು ತೆಗೆದವರನ್ನು ನೋಡಿ, ಮನೆ ತಪ್ಪಿತೆಂದು ಒಂದು ಹೆಜ್ಜೆ ಹಿಂದೆ ಸರಿದೆ. ಮೇಲ್ದುಟಿಯನ್ನು ಪೂರ್ತಿ ಮುಚ್ಚಿ ಇಳಿಯುತ್ತಿದ್ದ, ಮದುವೆಯ ಫೋಟೋದಲ್ಲೂ ಇದ್ದ ಕಾಕಾನ ಮೀಸೆ ಇರಲಿಲ್ಲ.

"ಕಾಕಾ, ಮೀಸಿ?"

"ಸೆಕಿ ಭಾಳ ಆತು" ಎಂದರು. ಡಿಸೆಂಬರ್ ತಿಂಗಳು. ಕೊರಳಿಗೆ ಮಫ್ಲರ್ ಸುತ್ತಿಕೊಂಡಿದ್ದರು.

ಒಳಗೆ ಕಾಕು ಮೆಂತ್ಯೆಪಲ್ಯ ಸೋಸುತ್ತಿದ್ದರು. ಕಾಕಾ ಹೋಗಿ ಅವರೆದುರು ಕೂತು, ಕಿಟಕಿಯ ಬೆಳಕು ಬಾಯಿಯ ಮೇಲೆ ಬೀಳುವಂತೆ ಮುಖ ತಿರುಗಿಸಿಕೊಂಡು, ಸಪ್ಪಳವಿಲ್ಲದೆ ನಿಧಾನವಾಗಿ ತುಟಿಯಾಡಿಸಿ ಏನೋ ಅಂದರು. ಕಾಕು ಆ ಬೋಳು ತುಟಿಯನ್ನು ಗಮನವಿಟ್ಟು ನೋಡಿದರು. ಆಮೇಲೆ ತಲೆ ತಗ್ಗಿಸಿ, ಸೆರಗು ಬಾಯಿಗೊತ್ತಿ, ನಗತೊಡಗಿದರು.

ನಾನು ಅಲ್ಲಿಯೇ ಇದ್ದೆ, ಆದರೆ ನನಗೊಂದು ಅಕ್ಷರವೂ ತಿಳಿಯಲಿಲ್ಲ. ಏನಂದಿರಿ ಎಂದು ಕೇಳಲೂ ಇಲ್ಲ.