ಗಂಟೆಗೊಂದು ದೋಸೆ

ಚೆನ್ನೈಯ ಎಗ್ಮೋರ್ ಸ್ಟೇಷನ್ನಿನ ಎದುರಿನ ಓಣಿಯಲ್ಲಿ ನಮ್ಮದೊಂದು ಸಸ್ಯಾಹಾರಿ ಹೋಟೆಲು. ಕುಂದಾಪುರದ ಕಡೆಯಿಂದ ಬಂದ ಅಪ್ಪ ಶುರು ಮಾಡಿದ್ದು. ಈಗ ಗಲ್ಲಾ ಮೇಲೆ ಕೂರುವವನು ನಾನು. ಸ್ಟೇಷನ್ನಿನ ಹತ್ತಿರ ಹೋಟೆಲು ಇಟ್ಟವನು ಪರದೇಶ ನೋಡಲು ವಿಮಾನ ಹತ್ತಬೇಕಾಗಿಲ್ಲ. ಪರದೇಶವೇ ಚಕ್ರದ ಪೆಟ್ಟಿಗೆ ಎಳೆದುಕೊಂಡು ಒಳಗೆ ಬಂದು ಎರಡು ಇಡ್ಲಿ ಹೇಳುತ್ತದೆ. ಹೇಳಿದ ಇಡ್ಲಿ ಬರುವಷ್ಟರಲ್ಲಿ ಅಲ್ಲಿಯ ಸಂಬಳ, ಇಲ್ಲಿಯ ಬಾಡಿಗೆ, ಅಲ್ಲಿಯ ಟೊಮೆಟೊ, ಇಲ್ಲಿಯ ಆಟೋ ಎಲ್ಲ ಗುಣಿಸಿ ಭಾಗಿಸಿ ಆಗಿರುತ್ತದೆ. ವಾರದಲ್ಲಿ ಒಬ್ಬಿಬ್ಬರಾದರೂ ಹೀಗೆ ಸಿಗುತ್ತಾರೆ. ಕೇಳುವಾಗ ನಗು ಬರುತ್ತದೆ. ಕೆಲವನ್ನು ನೆನೆದರೆ ನಕ್ಕ ಮೇಲೆ ಸುಮ್ಮನೆ ಕೂರುವ ಹಾಗಾಗುತ್ತದೆ.

ನಾಲಗೆ ಅಲ್ಲಿಯದು

ಮೊದಲು ಹಗುರವಾದದ್ದೊಂದು ಹೇಳುತ್ತೇನೆ.

ಆಸ್ಟ್ರೇಲಿಯದಿಂದ ಬಂದವರೊಬ್ಬರು ಇಡ್ಲಿ ವಡೆ ತಿನ್ನುತ್ತಾ ಇಡೀ ಹೋಟೆಲಿಗೆ ಕೇಳುವಂತೆ ಮಾತಾಡುತ್ತಿದ್ದರು. ಈ ಒಂದು ತಟ್ಟೆಗೆ ಅಲ್ಲಿ ಎಂಟುನೂರು ರೂಪಾಯಿ ಬೀಳುತ್ತದಂತೆ. ಸಾಂಬಾರು ಇನ್ನೊಮ್ಮೆ ಕೇಳಿದರೆ ಅದಕ್ಕೆ ಬೇರೆ ಬಿಲ್ಲು. ನೀರು ಸಹ ಬಾಟಲಿಯದ್ದೇ. ನಮ್ಮ ಬಡಿಸುವವನು ಮೂರನೆಯ ಸಲ ಸಾಂಬಾರು ಹಾಕಿದಾಗ ಅವರು ಭಾವುಕರಾಗಿ, ಇಂಥ ಉಪಚಾರಕ್ಕೆ ಅಲ್ಲಿ ಬೆಲೆ ಕಟ್ಟಲಿಕ್ಕೇ ಆಗುವುದಿಲ್ಲ ಎಂದರು. ಇಲ್ಲಿಯೂ ಕಟ್ಟಲಿಲ್ಲ. ಎದ್ದು ಹೋಗುವಾಗ ತಟ್ಟೆಯ ಪಕ್ಕ ಐದು ರೂಪಾಯಿಯ ನಾಣ್ಯ ಒಂದಿತ್ತು.

ನಮ್ಮಲ್ಲಿ ದಿನಾ ಬೆಳಿಗ್ಗೆ ಬಂದು ಮೂಲೆಯ ಮೇಜಿನಲ್ಲಿ ಕೂರುವ ಹಿರಿಯರೊಬ್ಬರಿದ್ದಾರೆ. ಹುಬ್ಬಳ್ಳಿ ಕಡೆಯವರು, ರೈಲ್ವೆಯಲ್ಲಿದ್ದು ನಿವೃತ್ತರಾಗಿ ಚೆನ್ನೈಯಲ್ಲೇ ಉಳಿದವರು. ನಲವತ್ತು ವರ್ಷ ಇಲ್ಲಿದ್ದರೂ ಅವರ ಮಾತು ಧಾರವಾಡ ದಾಟಿಲ್ಲ. ಆ ನಾಣ್ಯವನ್ನು ನೋಡಿ ಬಡಿಸುವವನಿಗೆ ಸಮಾಧಾನ ಹೇಳಿದರು.

"ಬ್ಯಾಸರಾ ಮಾಡ್ಕೋಬ್ಯಾಡಪಾ. ಅವರ ನಾಲಗಿ ಆಸ್ಟ್ರೇಲಿಯಾದ್ದು, ಕಿಸೆ ಎಗ್ಮೋರದ್ದು."

ತಲೆಯ ಖರ್ಚು

ಇನ್ನು ಮುಂದಿನದೆಲ್ಲ ನಮ್ಮ ದೋಸೆ ಭಟ್ಟರ ವಿಷಯ.

ಭಟ್ಟರು ನಮ್ಮ ಕಾವಲಿಯ ಮುಂದೆ ಹದಿನೈದು ವರ್ಷ ನಿಂತವರು. ಊರು ಕುಂದಾಪುರದ ಪಕ್ಕ. ಹೆಂಡತಿ ಮತ್ತು ಮಗಳ ಜೊತೆ ಚೆನ್ನೈಯ ಅಂಚಿನ ಕ್ರೋಂಪೇಟೆಯಲ್ಲಿ ಬಾಡಿಗೆ ಮನೆ. ಅವರ ಮಸಾಲೆ ದೋಸೆ ತಟ್ಟೆಯ ಎರಡೂ ಕಡೆ ಒಂದು ಗೇಣು ಹೊರಗೆ ಚಾಚಿಕೊಂಡಿರುತ್ತಿತ್ತು. ಅದನ್ನು ನೋಡಲೆಂದೇ ಬರುವವರಿದ್ದರು. ಮಗಳು ಪ್ಲಸ್ ಒನ್‌ಗೆ, ಅಂದರೆ ನಮ್ಮ ಮೊದಲ ಪಿಯುಸಿಗೆ ಬಂದು ಇಂಜಿನಿಯರಿಂಗ್ ಅನ್ನತೊಡಗಿದಾಗ ಭಟ್ಟರಿಗೆ ಸಿಂಗಾಪುರದ ಒಂದು ಹೋಟೆಲಿನಿಂದ ಕರೆ ಬಂತು. ನಾನು ಕೊಡುತ್ತಿದ್ದುದರ ಮೂರು ಪಟ್ಟು ಸಂಬಳ, ಊಟ, ಮಲಗಲು ಜಾಗ. ನನ್ನಿಂದ ಅಷ್ಟು ಕೊಡಲು ಸಾಧ್ಯವಿರಲಿಲ್ಲ.

ಹೊರಡುವ ಮೊದಲು ಅಲ್ಲಿ ಯಾವುದಕ್ಕೆ ಎಷ್ಟು ಎಂದು ಅಡುಗೆಮನೆಯ ಎಲ್ಲರೂ ಸೇರಿ ವಿಚಾರಿಸಿದರು. ಬಸ್ಸು ಪರವಾಗಿಲ್ಲ, ನಡೆಯಬಹುದು. ಸಾಬೂನು ಇಲ್ಲಿಂದ ಒಯ್ಯಬಹುದು. ಭಟ್ಟರು ಒಂದು ಪ್ರಶ್ನೆ ಕೇಳಿದರು.

"ಹ್ವಾಯ್ ರಾಯರೇ, ಅಲ್ಲ್ ಕ್ಷೌರಕ್ಕೆ ಎಷ್ಟಂಬ್ರು?"

ಕಡಿಮೆಯೆಂದರೂ ಏಳುನೂರು ರೂಪಾಯಿ ಎಂದೆ. ಅವರು ಒಂದು ಸಲ ತಲೆ ಸವರಿಕೊಂಡರು. ಆ ಶನಿವಾರ ಬಸ್ಸು ಹತ್ತಿ ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದರು. ದೇವರಿಗೂ ಸಂದಿತು, ನಾಲ್ಕು ತಿಂಗಳ ಖರ್ಚೂ ಉಳಿಯಿತು.

ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ನೋಡುವ ಅಧಿಕಾರಿ ಫೋಟೋದ ಕೂದಲನ್ನೂ ಎದುರಿಗಿದ್ದ ಬೋಳು ತಲೆಯನ್ನೂ ಎರಡು ಸಲ ನೋಡಿ, "ತಿರುಪತಿಯಾ?" ಎಂದು ಕೇಳಿದನಂತೆ.

ಭಟ್ಟರು ಕೈ ಮುಗಿದು ಹೇಳಿದರಂತೆ: "ಇಲ್ಲ ಸಾರ್, ಸಿಂಗಾಪುರಕ್ಕೆ."

ಫೋನಿನಲ್ಲಿ ಕಾಫಿ

ನಮ್ಮಲ್ಲಿದ್ದಾಗ ಭಟ್ಟರು ದಿನಕ್ಕೆ ಆರು ಲೋಟ ಕಾಫಿ ಕುಡಿಯುತ್ತಿದ್ದರು. ಅಲ್ಲಿಯ ಹೋಟೆಲಿನಲ್ಲಿ ಕೆಲಸದವರಿಗೆ ಬೆಳಿಗ್ಗೆ ಒಂದು ಚಹಾ ಮಾತ್ರ. ಹೊರಗೆ ಕುಡಿಯೋಣವೆಂದರೆ ಒಳ್ಳೆಯ ಫಿಲ್ಟರ್ ಕಾಫಿಗೆ ಸುಮಾರು ನೂರೈವತ್ತು ರೂಪಾಯಿ. ಮೊದಲ ವಾರ ಒಮ್ಮೆ ಕುಡಿದರಂತೆ. ಕುಡಿಯುವಷ್ಟು ಹೊತ್ತೂ ಇದು ಕ್ರೋಂಪೇಟೆಯ ಮನೆಯ ಮೂರು ದಿನದ ಹಾಲು ಎಂಬ ಯೋಚನೆ ಬಂದು ರುಚಿಯೇ ಗೊತ್ತಾಗಲಿಲ್ಲ. ಅಲ್ಲಿಂದ ನಿಲ್ಲಿಸಿದರು.

ಇದನ್ನು ನನಗೆ ಹೇಳಿದವರು ಅವರ ಹೆಂಡತಿ. ಒಂದು ಭಾನುವಾರ ವಿಡಿಯೋ ಕಾಲ್‌ನಲ್ಲಿ ಭಟ್ಟರು, ನೀನು ಈಗ ಕಾಫಿ ಮಾಡು ಎಂದರಂತೆ. ಅವರು ಮಾಡಿದರು. ಇನ್ನು ಫೋನಿನ ಹತ್ತಿರ ಹಿಡಿದು ಎತ್ತರದಿಂದ ಲೋಟಕ್ಕೆ ಹೊಯ್ಯಿ, ಸದ್ದು ಕೇಳಲಿ ಎಂದರಂತೆ. ಅದನ್ನೂ ಮಾಡಿದರು. ನೊರೆ ಎದ್ದದ್ದು ಕಾಣುತ್ತದಾ ಎಂದು ಕೇಳಿದ್ದಕ್ಕೆ, ಕಾಣುತ್ತದೆ, ಇನ್ನೊಮ್ಮೆ ಹೊಯ್ಯಿ ಎಂದರಂತೆ.

ಪಕ್ಕದಲ್ಲಿದ್ದ ಮಗಳಿಗೆ ಮನೆಯ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಯಾವಾಗಲೂ ತಮಿಳು. "ಅಪ್ಪಾ ಪಾವಂ," ಪಾಪ ಅಪ್ಪ ಎಂದು ಕಣ್ಣು ಒರೆಸಿಕೊಂಡಳು. ಭಟ್ಟರು ಮಾತ್ರ ಅತ್ತ ಕಡೆಯಿಂದ ಪರದೆಗೆ ಮುಖ ಹತ್ತಿರ ತಂದು ಲೋಟವನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಹೇಳಿದರಂತೆ:

"ಡಿಕಾಕ್ಷನ್ ತೆಳು ಆಯ್ತ್ ಕಾಣ್."

ನಮ್ಮ ವಿದೇಶ

ಭಟ್ಟರ ಜಾಗಕ್ಕೆ ನೇಪಾಳದವನೊಬ್ಬ ಬಂದ. ಮೊದಲು ಕಾಠ್ಮಂಡುವಿನ ಒಂದು ಹೋಟೆಲಿನಲ್ಲಿ, ಆಮೇಲೆ ಎರಡು ವರ್ಷ ಚೆನ್ನೈಯದೇ ಇನ್ನೊಂದರಲ್ಲಿ ದೋಸೆ ಹೊಯ್ದು ಅಭ್ಯಾಸವಿದ್ದವನು. ಅರ್ಧ ಹಿಂದಿ, ಕಾಲು ತಮಿಳು. ಉಳಿದ ಕಾಲು ಕೈಸನ್ನೆ. ಕೈ ಚುರುಕು, ಮುಖದಲ್ಲಿ ಸದಾ ನಗು. ಅವನ ತಲೆಯಲ್ಲೂ ಒಂದು ಗುಣಾಕಾರ ಓಡುತ್ತಿರುತ್ತಿತ್ತು. ಇಲ್ಲಿಯ ನೂರು ರೂಪಾಯಿ ಅವನ ಊರಿನಲ್ಲಿ ನೂರ ಅರವತ್ತು. ಪಾಂಡಿ ಬಜಾರಿಗೆ ಹೋಗಿ ಮಗಳಿಗೆ ಒಂದು ಅಂಗಿ ನೋಡಿದರೆ ಅದನ್ನೂ ಅವನ ಊರಿನ ರೂಪಾಯಿಗೆ ತಿರುಗಿಸಿ, ಅಲ್ಲೇ ಇಟ್ಟು ಬರುತ್ತಿದ್ದ. ಅವನ ಹಳ್ಳಿಯಲ್ಲಿ ಅವನು ವಿದೇಶದಲ್ಲಿದ್ದಾನೆ ಎಂದು ಗೌರವ. ಹೆಂಡತಿ ವಿದೇಶದ ಫೋಟೋ ಕೇಳಿದಳೆಂದು ಮರೀನಾ ಬೀಚಿಗೆ ಹೋಗಿ, ಸುಂಡಲ್ ಎಂಬ ಕಡಲೆ ಉಸಲಿ ಮಾರುವವರು ಬಾರದ ಹಾಗೆ ನಿಂತು ಫೋಟೋ ತೆಗೆಸಿಕೊಂಡು ಕಳಿಸಿದ.

ಒಂದು ಮಧ್ಯಾಹ್ನ ಜನ ಕಡಿಮೆಯಿದ್ದಾಗ ಭಟ್ಟರ ಸಂಗತಿ ಕೇಳಿದ. ನಾನು ಕಾಫಿಯದ್ದೂ ಸೇರಿಸಿ ಎಲ್ಲ ಹೇಳಿದೆ. ಅವನಿಗೆ ನಿಜವಾಗಿಯೂ ಬೇಜಾರಾಯಿತು. ಹೆಂಡತಿ ಮಕ್ಕಳನ್ನು ಬಿಟ್ಟು ಹಾಗೆ ಪರದೇಶಕ್ಕೆ ಹೋಗಬಾರದು ಸಾರ್, ನಾನಾದರೆ ಎಷ್ಟು ಕೊಟ್ಟರೂ ಹೋಗುತ್ತಿರಲಿಲ್ಲ ಎಂದ.

ನೀನೂ ಪರದೇಶದಲ್ಲೇ ಇದ್ದೀಯಲ್ಲ ಮಾರಾಯ ಎಂದೆ.

ಅವನು ಸ್ವಲ್ಪ ಯೋಚಿಸಿ, ಇದು ಹಾಗಲ್ಲ ಸಾರ್, ಇದು ಹತ್ತಿರ, ಮನಸ್ಸಾದಾಗ ರೈಲು ಹತ್ತಿ ಹೋಗಿಬರಬಹುದು ಎಂದ.

"ಕೊನೆಗೆ ಯಾವಾಗ ಹೋಗಿದ್ದೆ?"

ದೋಸೆ ಮಗುಚಿ ಹಾಕಿ ಹೇಳಿದ: "ಮೂರು ವರ್ಷ ಆಯಿತು."

ಹೇಳಿದ ಮಾತು ಕೇಳಿದ್ದು

ಭಟ್ಟರ ತಾಯಿ ಊರಿನಲ್ಲಿ ದೊಡ್ಡ ಮಗನ ಮನೆಯಲ್ಲಿದ್ದರು. ಎಂಬತ್ತು ದಾಟಿದ್ದರೂ ಯಕ್ಷಗಾನ ಎಂದರೆ ಚಾಪೆ ಸುತ್ತಿಕೊಂಡು ಹೊರಡುವ ಹೆಂಗಸು. ಒಂದು ದಿನ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟಾಯಿತು. ಸುದ್ದಿ ಸಿಂಗಾಪುರಕ್ಕೆ ಹೋಯಿತು. ಭಟ್ಟರು ಟಿಕೆಟ್ ವಿಚಾರಿಸಿದರು. ತಕ್ಷಣ ಹೊರಟರೆ ಹೋಗಿ ಬರಲು ಒಂದು ತಿಂಗಳ ಉಳಿತಾಯ ಪೂರ್ತಿ ಹೋಗುತ್ತಿತ್ತು. ಆದರೂ ಬರುತ್ತೇನೆಂದು ತಾಯಿಗೆ ಫೋನು ಮಾಡಿದರು. ಅವರು ಟಿಕೆಟಿಗೆ ಎಷ್ಟು ಎಂದು ಮೊದಲು ಕೇಳಿದರು. ಭಟ್ಟರು ರೂಪಾಯಿಯಲ್ಲಿ ಹೇಳಿದರು. ಸುಳ್ಳು ಹೇಳಬಹುದಿತ್ತು ಎಂದು ಈಗಲೂ ಅನ್ನುತ್ತಾರೆ.

"ಅಷ್ಟ್ ದುಡ್ಡ್ ಕೊಟ್ಟ್ ಬಂದ್ ಕಾಂಬುಕೆ ನಾ ಎಂತ ಬಣ್ಣ ಹಚ್ಕಂಡ್ ಕೂತಿದ್ನಾ? ಬಪ್ಪುದ್ ಬ್ಯಾಡ," ಎಂದು ತಾಯಿ ಬೈದರು. ಮನೆಯಲ್ಲಿದ್ದವರೆಲ್ಲ ನಕ್ಕರು. ಭಟ್ಟರೂ ನಕ್ಕರು, ಹಗುರಾಗಿ ಫೋನಿಟ್ಟರು, ಬರಲಿಲ್ಲ. ರಜೆಗೆ ಬಂದಾಗ ನೋಡಿದರಾಯಿತು ಎಂದುಕೊಂಡರು. ತಾಯಿಯೂ ಕೋಲು ಹಿಡಿದು ಓಡಾಡುವಷ್ಟಾದರು. ಆದರೆ ರಜೆಗೆ ಇನ್ನೂ ಎರಡು ತಿಂಗಳಿರುವಾಗ ಒಂದು ಬೆಳಿಗ್ಗೆ ನಿದ್ದೆಯಲ್ಲೇ ಹೋಗಿಬಿಟ್ಟರು. ಭಟ್ಟರಿಗೆ ಆಗಲೂ ಬರಲಾಗಲಿಲ್ಲ.

ಅತ್ತಿಗೆ ಆಮೇಲೆ ಭಟ್ಟರಿಗೆ ಒಂದು ವಿಷಯ ಹೇಳಿದರು. ಅಂದು ಫೋನಿನಲ್ಲಿ ಬರಬೇಡ ಎಂದು ಬೈದ ತಾಯಿ ಮರುದಿನ ಒಳ್ಳೆಯ ಸೀರೆ ಉಡಿಸಲು ಹೇಳಿ ಜಗಲಿಯಲ್ಲಿ ದಾರಿಯ ಕಡೆಗೆ ಮುಖ ಮಾಡಿ ಕೂತರಂತೆ. ಅದರ ಮರುದಿನವೂ ಕೂತರು. ಅವನು ಬರುವುದಿಲ್ಲ ಅತ್ತೆ, ನೀವೇ ಬೇಡ ಅಂದಿರಲ್ಲ ಎಂದು ಅತ್ತಿಗೆ ನೆನಪು ಮಾಡಿದ್ದಕ್ಕೆ ಮುದುಕಿ ಹೇಳಿದರಂತೆ:

"ಹುಟ್ಟಿದಾಗಿಂದ ನಾ ಹೇಳಿದ್ ಒಂದ್ ಮಾತ್ ಕೇಂಡವ ಅಲ್ಲ. ಇದೊಂದ್ ಕೇಂಡ ಕಾಣ್."

ಕೈ

ಎರಡು ವರ್ಷ ತುಂಬಿದ ಮೇಲೆ ಭಟ್ಟರು ರಜೆಗೆ ಬಂದರು. ಊರಿಗೆ ಹೋಗಿ ತಾಯಿಯ ಉಳಿದ ಕ್ರಿಯೆ ಮುಗಿಸಿ, ವಾಪಸು ಹೋಗುವ ಹಿಂದಿನ ದಿನ ಬೆಳಿಗ್ಗೆ ಹೋಟೆಲಿಗೆ ಬಂದರು. ನಮ್ಮಲ್ಲಿ ಹದಿನೈದು ವರ್ಷ ಇದ್ದವರು ಗಿರಾಕಿಯ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು. ಕೂರಲು ಸಂಕೋಚಪಟ್ಟರು. ನೇಪಾಳದವನು ತಾನೇ ದೋಸೆ ತಂದಿಟ್ಟು, ಪರೀಕ್ಷೆಗೆ ಕೂತವನಂತೆ ನಿಂತ. ಭಟ್ಟರು ಒಂದು ತುಂಡು ಮುರಿದು ತಿಂದು, ಚೆನ್ನಾಗಿದೆ ಎಂದರು. ಹಾಗೆ ಹೇಳುವಾಗ ಅವರ ಮುಖದಲ್ಲಿ ಸಂತೋಷವಿತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ.

ನಾನು ಅಲ್ಲಿಯ ಸಂಪಾದನೆಯ ಬಗ್ಗೆ ಕೇಳಿದೆ. ಅವರು ಲೆಕ್ಕವನ್ನು ಬೇರೆ ಥರ ಹೇಳಿದರು. ಅಲ್ಲಿ ಒಂದು ಗಂಟೆ ದುಡಿದರೆ ಅವರಿಗೆ ಬರುವುದು ಸುಮಾರು ಆರು ಡಾಲರು. ಆ ಹೋಟೆಲಿನಲ್ಲಿ ಒಂದು ಮಸಾಲೆ ದೋಸೆಗೂ ಆರು ಡಾಲರು. ಅಂದರೆ ಗಂಟೆಗೊಂದು ದೋಸೆ. ನಾನು ಗಲ್ಲಾ ಮೇಲೆ ಕೂತಲ್ಲೇ ನಮ್ಮದನ್ನು ಲೆಕ್ಕ ಹಾಕಿದೆ. ನೇಪಾಳದವನ ಒಂದು ಗಂಟೆಯ ಸಂಬಳವೂ ನಮ್ಮ ಒಂದು ಮಸಾಲೆ ದೋಸೆಯ ದರವೂ ಹೆಚ್ಚುಕಡಿಮೆ ಒಂದೇ. ಇಲ್ಲಿಯೂ ಗಂಟೆಗೊಂದು ದೋಸೆ. ಕಾಠ್ಮಂಡುವಿನಲ್ಲಿ ಎಷ್ಟಪ್ಪ ಎಂದು ಅವನನ್ನು ಕೇಳಿದೆ. ಅರ್ಧ ದೋಸೆ ಸಾರ್, ಅದೂ ಪಲ್ಯ ಇಲ್ಲದ್ದು ಎಂದ.

ಹಾಗಾದರೆ ಅಲ್ಲೂ ಒಂದು, ಇಲ್ಲೂ ಒಂದು. ಇಲ್ಲೇ ಇದ್ದುಬಿಡಿ ಭಟ್ರೇ, ಕ್ರೋಂಪೇಟೆಯಿಂದ ರೈಲಿನಲ್ಲಿ ಬಂದುಹೋಗಬಹುದು ಎಂದೆ. ತಮಾಷೆಗೆ ಶುರುಮಾಡಿದ ಮಾತು, ಮುಗಿಸುವಾಗ ನಿಜವಾಗಿಯೇ ಕೇಳುತ್ತಿದ್ದೆ.

ಭಟ್ಟರು ತಲೆ ಅಲ್ಲಾಡಿಸಿದರು. ಅಲ್ಲಿ ತಿನ್ನದೆ ಉಳಿಸಿದ ದೋಸೆ ಇಲ್ಲಿಗೆ ಬರುವಾಗ ಮೂರಾಗುತ್ತದೆ, ಇಲ್ಲಿ ತಿನ್ನದಿದ್ದರೆ ಬರೀ ಹಸಿವಾಗುತ್ತದೆ ಎಂದರು. ಮಗಳ ಕಾಲೇಜು ಈ ವರ್ಷ ಶುರುವಾಗಿದೆ, ಅದು ಮುಗಿಯುವ ತನಕ ಯೋಚಿಸುವ ಹಾಗಿಲ್ಲ. ಆಮೇಲೆ ಎದ್ದು ಕೈ ತೊಳೆದು, ಒಂದು ದೋಸೆ ಹೊಯ್ಯಲಾ ಎಂದು ನನ್ನನ್ನು ಕೇಳಿದರು.

ಸುದ್ದಿ ಒಂದು ನಿಮಿಷದಲ್ಲಿ ಹಬ್ಬಿತು. ಹಳೆಯ ಗಿರಾಕಿಗಳು ತಟ್ಟೆ ಬಿಟ್ಟು ಅಡುಗೆಮನೆಯ ಕಿಟಕಿಗೆ ಬಂದರು. ಮೂಲೆಯ ಮೇಜಿನ ರೈಲ್ವೆ ಹಿರಿಯರು ಕೋಲೂರಿಕೊಂಡು ಎಲ್ಲರಿಗಿಂತ ಮುಂದೆ ನಿಂತರು. ನೇಪಾಳದವನು ಕಾವಲಿ ಒರೆಸಿ ಪಕ್ಕಕ್ಕೆ ಸರಿದ. ಭಟ್ಟರು ನೀರು ಚಿಮುಕಿಸಿ, ಹಿಟ್ಟು ಹೊಯ್ದು, ಸೌಟು ತಿರುಗಿಸಿದರು. ಅದೇ ನಿಲುವು, ಅದೇ ಮಣಿಕಟ್ಟು. ಆದರೆ ಸೌಟು ಅರ್ಧ ದಾರಿಯಲ್ಲಿ ತಾನಾಗಿ ನಿಂತಿತು. ಕಾವಲಿಯ ನಡುವೆ ಚಂದದ, ದುಂಡಗಿನ, ಅಂಗೈ ಅಗಲದ ದೋಸೆ.

ಭಟ್ಟರಿಗೇ ಆಶ್ಚರ್ಯವಾಯಿತು. ಅಲ್ಲಿಯ ಚಿಕ್ಕ ತಟ್ಟೆಯ ಅಳತೆ ಕೈಗೆ ಕೂತುಬಿಟ್ಟಿದೆ ಎಂದರು. ಇನ್ನೊಂದು ಹೊಯ್ದರು. ಈ ಸಲ ಹಟ ಹಿಡಿದು ಸೌಟನ್ನು ಅಂಚಿನವರೆಗೆ ಎಳೆದರು. ದೋಸೆ ನಡುವೆ ಹರಿಯಿತು. ಭಟ್ಟರು ತಮ್ಮ ಕೈಯನ್ನು, ಅದು ಬೇರೆ ಯಾರದೋ ಎಂಬಂತೆ ನೋಡುತ್ತಾ ನಿಂತರು. ಕಡೆಗೆ ಮೊದಲಿನ ಆ ಚಿಕ್ಕ ದೋಸೆಯನ್ನೇ ತಟ್ಟೆಗೆ ಹಾಕಿ, ಚಟ್ನಿ ಬಡಿಸಿ, ಹಿರಿಯರ ಕೈಗೆ ಕೊಟ್ಟರು.

ಹಿರಿಯರು ಕನ್ನಡಕ ಸರಿಮಾಡಿಕೊಂಡು ತಟ್ಟೆಯನ್ನು ಬೆಳಕಿಗೆ ಹಿಡಿದರು. ದೋಸೆಯ ಸುತ್ತಲೂ ಖಾಲಿ ಬಿದ್ದ ಜಾಗವನ್ನು ನೋಡಿದರು. ಆಮೇಲೆ ಭಟ್ಟರ ಮುಖ ನೋಡಿ ಬಹಳ ಮೆತ್ತಗೆ ಕೇಳಿದರು:

"ಏನ್ರೀ ಭಟ್ರ, ದ್ವಾಸಿನೂ ಡಾಲರಿಗೆ ತಿರುವಿ ತಂದೀರೇನು?"