ಎಕ್ಸ್ ಅಕ್ಷರವೂ ನನ್ನ ಮಾನವೂ

ಮಾನ ಹೋಗೋದಕ್ಕೆ ದೊಡ್ಡ ಕಾರಣವೇ ಬೇಕು ಅಂತೇನಿಲ್ಲ ಕಣ್ರೀ, ನನಗಂತೂ ಭಾನುವಾರ ಬಂದರೆ ಮೂರಕ್ಷರದಲ್ಲೇ ಹೋಗುತ್ತೆ. ಮೂವತ್ತು ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿ ರಿಟೈರ್ ಆದವನು ನಾನು. ಒಂಟಿಕೊಪ್ಪಲಿನ ನಮ್ಮ ಮನೆ ಜಗಲಿಯಲ್ಲಿ ಇಂಗ್ಲಿಷ್ ಅಕ್ಷರದ ಬಿಲ್ಲೆಗಳನ್ನ ಜೋಡಿಸಿ ಪದ ಕಟ್ಟೋ ಆಟ ಆಡ್ತೀವಿ. ಆಡೋರು ಮೂರು ಜನ: ನಾನು, ಎದುರುಮನೆಯ ರಿಟೈರ್ಡ್ ನರ್ಸ್, ಪಕ್ಕದ ಬೀದಿಯ ಗಾರೆ ಮೇಸ್ತ್ರಿ.

ನಿಯಮ ಎರಡು. ಪದ ಇಟ್ಟವರು ಅದರ ಅರ್ಥ ಹೇಳಿ, ಮನೆಯಲ್ಲಿರೋರನ್ನೇ ತೋರಿಸಿ ಉದಾಹರಣೆ ಕೊಡಬೇಕು. ಮಿಕ್ಕವರು ಒಪ್ಪಿದರೆ ಮಾತ್ರ ಅಂಕ. ಸೋತವರು ಸ್ಲೇಟಿನ ಮೇಲೆ ‘ನನಗೆ ಇಂಗ್ಲಿಷ್ ಬರೋದಿಲ್ಲ’ ಅಂತ ಬರೆದು, ಸೈನ್ ಹಾಕಿ, ತಮ್ಮ ಮನೆ ಗೇಟಿಗೆ ಒಂದು ವಾರ ತೂಗುಹಾಕಬೇಕು. ಈ ನಿಯಮ ಮಾಡಿದ ಬುದ್ಧಿವಂತ ನಾನೇ. ಇನ್ನು ಎಕ್ಸ್ ಅಕ್ಷರಕ್ಕೆ ಅಂಕ ಜಾಸ್ತಿ. ಹಾಗಾಗಿ ಕೊನೆಯಲ್ಲಿ ಎ, ಎಕ್ಸ್ ಬರೋ ಪದಗಳ ಮೇಲೇ ಎಲ್ಲರ ಕಣ್ಣು.

ಝ್ಯಾಕ್ಸ್

ಒಂದು ಭಾನುವಾರ ಮೇಸ್ತ್ರಿ ಇಟ್ಟರು. ನಾನು ನಕ್ಕುಬಿಟ್ಟೆ. “ಇಂಥ ಪದಾನೇ ಇಲ್ಲ ಮೇಸ್ತ್ರಿ.”

“ಐತೆ ಸಾರ್. ಚಾವಣಿಗೆ ಹಾಕೋ ಕಲ್ಲಿನ ಹಲಗೆ ಕತ್ತರಿಸೋ ಹತಾರ.”

ನಿಘಂಟು ತೆಗೆದೆ. ಹಾಳಾದ್ದು, ಇತ್ತು! “ಸರಿ, ಉದಾಹರಣೆ?” ಅಂದೆ.

“ಸಿಸ್ಟರ್ ಬಾಯಿ ಸಾರ್. ಎಂಥಾ ಕಲ್ಲನ್ನೂ ಕತ್ತರಿಸಾಕ್ಬುಡುತ್ತೆ.”

ನರ್ಸಮ್ಮನಿಗೆ ಕೋಪ ಬರುತ್ತೆ, ಪದ ಬಿದ್ದುಹೋಗುತ್ತೆ ಅಂತ ಕಾದೆ. ಆಕೆ ಹಿಗ್ಗಿ ಹೀರೇಕಾಯಿ ಆಗಿ, ಪೂರ್ತಿ ಅಂಕ ಕೊಡಿಸಿದರು.

ವ್ಯಾಕ್ಸ್

ಇದು ಮತ್ತೊಂದು ಭಾನುವಾರ, ನರ್ಸಮ್ಮನದು. “ಅರ್ಥ, ಕಿವಿ ಗುಗ್ಗೆ.”

“ಥೂ, ಬಜ್ಜಿ ತಿನ್ನೋವಾಗ! ಮೇಣ ಅನ್ನಿ ಸಿಸ್ಟರ್.”

“ವಾರ್ಡಲ್ಲಿ ನಾನು ಕಂಡಿದ್ದು ಕಿವೀದೇ ಸಾರ್. ಉದಾಹರಣೆಗೆ ನಿಮ್ಮ ಕಿವಿ. ಇಲ್ದಿದ್ರೆ ಮನೆಯವರು ಮೂರು ಸಲ ಕರೆದಿದ್ದು ಕೇಳಿಸ್ತಿರಲಿಲ್ವಾ?”

ಒಳಗಿನಿಂದ ನನ್ನ ಹೆಂಡತಿ ಕೂಗಿದಳು: “ನಾಲ್ಕು ಸಲ!”

ಟ್ಯಾಕ್ಸ್

ಮತ್ತೆ ಮೇಸ್ತ್ರಿ. “ತೆರಿಗೆ ಸಾರ್. ಉದಾಹರಣೆ, ನೀವು ಆಟದ ಮಧ್ಯೆ ಹೇಳೋ ಕಾಲೇಜಿನ ಕಥೆ. ಈ ಮನೇಲಿ ಬಜ್ಜಿ ತಿನ್ಬೇಕು ಅಂದ್ರೆ ಅದನ್ನ ಕಟ್ಟಲೇಬೇಕು.”

ನನ್ನ ಹೆಂಡತಿ ಅವರ ತಟ್ಟೆಗೆ ಇನ್ನೆರಡು ಬಜ್ಜಿ ಹಾಕಿದಳು.

ಪ್ಯಾಕ್ಸ್

ಹೋದ ಭಾನುವಾರ ನಾನು ಸೋಲೋ ಹಾಗೇ ಇರಲಿಲ್ಲ. ನನ್ನ ಹಳೇ ವಿದ್ಯಾರ್ಥಿನಿ, ಈಗ ತಾನೂ ಇಂಗ್ಲಿಷ್ ಲೆಕ್ಚರರ್, ತನ್ನ ಕಾಲೇಜಿನ ಇಂಗ್ಲಿಷ್ ಸಂಘದ ಸಮಾರಂಭಕ್ಕೆ ನನ್ನನ್ನ ಮುಖ್ಯ ಅತಿಥಿಯಾಗಿ ಕರೆಯೋಕೆ ಹನ್ನೊಂದು ಗಂಟೆಗೆ ಬರೋಳಿದ್ದಳು. ಅವಳ ಕಣ್ಣಿಗೆ ಆ ಸ್ಲೇಟು ಬಿದ್ದರೆ ನನ್ನ ಕಥೆ ಮುಗಿದಂತೆಯೇ.

ಕೊನೇ ಸರದಿಯಲ್ಲಿ ಎಕ್ಸ್ ಸಿಕ್ಕಿತು. ಹೋದ ಜೀವ ಬಂದಂತಾಗಿ ಪಟಪಟನೆ ಜೋಡಿಸಿದೆ. “ಪ್ಯಾಕ್ಸ್. ಅಂದ್ರೆ ಶಾಂತಿ!”

“ಹೌದೌದು, ಚರ್ಚಲ್ಲಿ ಕೇಳಿದ್ದೀನಿ,” ಅಂದರು ನರ್ಸಮ್ಮ. “ಉದಾಹರಣೆ?”

“ನಮ್ಮ ದಾಂಪತ್ಯ!”

ಕಾಫಿ ತರ್ತಿದ್ದ ಹೆಂಡತಿ ಗಕ್ಕನೆ ನಿಂತಳು. “ಏನಂದ್ರಿ? ನೆನ್ನೆ ಚಟ್ನಿಗೆ ಉಪ್ಪು ಜಾಸ್ತಿ ಅಂತ ತಟ್ಟೆ ತಳ್ಳಿದ್ಯಾರು? ನಮ್ಮಣ್ಣ ಬಂದಾಗ ಪೇಪರಲ್ಲಿ ಮುಖ ಮುಚ್ಕೊಂಡು ಕೂತಿದ್ದು ಯಾರು ರೀ?”

“ಉದಾಹರಣೆ ನಿಲ್ಲಾಕಿಲ್ಲ, ಬುಡಿ ಸಾರ್,” ಅಂದರು ಮೇಸ್ತ್ರಿ. ಪದ ಬಿತ್ತು, ನಾನೂ ಬಿದ್ದೆ.

“ಹನ್ನೆರಡು ಗಂಟೆಗೆ ಬರೀತೀನಿ, ಕೈ ಮುಗೀತೀನಿ,” ಅಂತ ಗೋಗರೆದೆ. ನರ್ಸಮ್ಮ ಬಳಪ ತಂದು ಕೈಗೇ ಇಟ್ಟರು. ಬರೆದು, ಸೈನ್ ಹಾಕಿ ಗೇಟಿಗೆ ನೇತುಹಾಕ್ತಿದ್ದೀನಿ, ಎದುರಿಗೇ ಆಟೋ ನಿಂತಿತು. ವಿದ್ಯಾರ್ಥಿನಿ ಇಳಿದಳು. ಸ್ಲೇಟನ್ನ ಒಂದಕ್ಷರ ಬಿಡದೆ ಓದಿದಳು.

“ಇದು… ಸುಮ್ಮನೆ ಆಟ ಕಣಮ್ಮ,” ಅಂತ ತೊದಲಿದೆ.

“ಪರವಾಗಿಲ್ಲ ಸಾರ್,” ಅಂದಳು ಅವಳು, ತುಂಬಾ ಗೌರವದಿಂದ. “ನಮ್ಮ ಬ್ಯಾಚಿಗೆಲ್ಲ ಫಸ್ಟ್ ಇಯರಲ್ಲೇ ಗೊತ್ತಾಗಿತ್ತು. ನೀವಾಗೇ ಒಪ್ಕೊಳ್ಳಲಿ ಅಂತ ಸುಮ್ನಿದ್ವಿ.”