ಆಟಗಾರರನ್ನು ಆರಿಸಿದವನ ಪಾಡು

ಹೆದರಿಕೆಯ ವಿಷಯದಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ಕೆಲವರಿಗೆ ಹಾವು ಕಂಡರೆ ಹೆದರಿಕೆ, ಕೆಲವರಿಗೆ ಲಿಫ್ಟು ನಡುವೆ ನಿಂತರೆ. ನನಗೆ ಇಂಥದ್ದೇ ಆಗಬೇಕೆಂದಿಲ್ಲ. ಬ್ಯಾಂಕಿನಿಂದ ಫೋನ್ ಬಂದರೆ ಹೆದರುತ್ತೇನೆ, ಬರದಿದ್ದರೆ ಯಾಕೆ ಬರಲಿಲ್ಲ ಎಂದು ಹೆದರುತ್ತೇನೆ. ರಸ್ತೆಯ ಕ್ಯಾಮೆರಾ ಪಕ್ಕದ ಕಾರಿನವನಿಗೆ ಮಿಂಚಿದರೂ ನನ್ನ ಕಾಲು ಬ್ರೇಕಿನ ಮೇಲಿರುತ್ತದೆ. ದುಬೈಗೆ ಬಂದು ಇಷ್ಟು ವರ್ಷವಾದ ಮೇಲೂ, ವಿಮಾನ ನಿಲ್ದಾಣದ ಕೌಂಟರಿನಲ್ಲಿ ಪಾಸ್‌ಪೋರ್ಟ್ ಕೊಟ್ಟು ನಿಂತಾಗ ಒಳಗಿನವರು ಕಂಪ್ಯೂಟರ್ ನೋಡುತ್ತ ಸ್ವಲ್ಪ ಸುಮ್ಮನಾದರೆ ಸಾಕು, ನಾನು ಮಾಡದ ಅಪರಾಧಗಳೆಲ್ಲ ಒಂದೊಂದಾಗಿ ನೆನಪಿಗೆ ಬರುತ್ತವೆ. ಇಂಥವನನ್ನು ಒಂದು ಫುಟ್‌ಬಾಲ್ ತಂಡದ ಜನರಲ್ ಮ್ಯಾನೇಜರ್ ಮಾಡಿದ್ದು ಯಾರ ಬುದ್ಧಿ ಎಂದು ನೀವು ಕೇಳಬಹುದು. ನಮ್ಮ ಕಂಪನಿಯ ಯಜಮಾನರಾದ ಸುಧಾಕರಣ್ಣನ ಬುದ್ಧಿ.

ಸುಧಾಕರಣ್ಣ ಉಡುಪಿ ಕಡೆಯವರು, ನಾನೂ ಅದೇ ಕಡೆಯವನು. ಆಫೀಸಿನೊಳಗೆ ಅವರನ್ನು ಸರ್ ಎನ್ನಬೇಕು, ಮೈದಾನದಲ್ಲಿ ಅಣ್ಣ ಎನ್ನಬೇಕು. ಇದು ಅವರೇ ಮಾಡಿದ ನಿಯಮ. ನನಗೆ ಕಷ್ಟವಾಗುವುದು ಇವೆರಡರ ನಡುವಿನ ಜಾಗಗಳಲ್ಲಿ, ಅಂದರೆ ಕಾರ್ ಪಾರ್ಕಿಂಗ್, ಮದುವೆ ಊಟ, ಫೋನು ಇಂಥ ಕಡೆ. ಚಳಿಗಾಲದಲ್ಲಿ ಕರಾವಳಿಯವರೆಲ್ಲ ಸೇರಿ ಇಲ್ಲಿ ಒಂದು ಫುಟ್‌ಬಾಲ್ ಲೀಗ್ ನಡೆಸುತ್ತಾರೆ. ಹೆಸರು ಕೊಟ್ಟ ಆಟಗಾರರನ್ನೆಲ್ಲ ಒಟ್ಟು ಹಾಕಿ, ತಂಡಗಳ ಮ್ಯಾನೇಜರುಗಳು ಸರದಿಯ ಪ್ರಕಾರ ಒಬ್ಬೊಬ್ಬರ ಹೆಸರು ಕೂಗಿ ತಮ್ಮ ಕಡೆಗೆ ತೆಗೆದುಕೊಳ್ಳುತ್ತಾರೆ. ಅದಕ್ಕೆ ಡ್ರಾಫ್ಟ್ ಎಂದು ಹೆಸರು. ಹಿಂದಿನ ವರ್ಷ ಕೊನೆಗೆ ಬಂದ ತಂಡಕ್ಕೆ ಮೊದಲ ಸರದಿ. ಹಾಗಾಗಿ ಪ್ರತಿ ವರ್ಷವೂ ಮೊದಲು ಕೂಗುವ ಗೌರವ ನನಗೇ ಸಿಗುತ್ತಿತ್ತು. ಆಫೀಸಿನಲ್ಲಿ ಕಾಗದಪತ್ರ ಜೋಡಿಸಿಡುವ ನಾನು ಶನಿವಾರ ಸಂಜೆ ಜಿಎಂ ಆಗಿಬಿಡುತ್ತಿದ್ದೆ. ನನ್ನ ಹೆಂಡತಿ ವಿನಯಾ ಇದನ್ನು ಊರಿಗೆ ಫೋನ್ ಮಾಡಿದಾಗ ಹೇಳಿದಳು, ಫುಟ್‌ಬಾಲ್ ಎಂಬ ಶಬ್ದ ಮಾತ್ರ ಆ ದಿನ ಸಿಗ್ನಲ್ ಸರಿಯಿಲ್ಲದೆ ಅತ್ತೆಗೆ ಕೇಳಿಸಲಿಲ್ಲವಂತೆ.

ಈ ವರ್ಷ ಅರ್ಧ ಸೀಸನ್ ಮುಗಿಯುವಷ್ಟರಲ್ಲಿ ನಾವು ಎಲ್ಲರ ಕೈಯಲ್ಲೂ ಸೋತಿದ್ದೆವು. ಒಂದು ಬೆಳಿಗ್ಗೆ ತಂಡದ ವಾಟ್ಸ್ಯಾಪ್ ಗುಂಪಿನಲ್ಲಿ ಸುಧಾಕರಣ್ಣನ ಸಂದೇಶ ಬಂತು: ‘ಕೋಚ್ ರೋಶನ್ ಖಲಾಸ್.’ ಅಷ್ಟೇ. ರೋಶನ್ ನಮ್ಮ ಆಫೀಸಿನ ಸೇಲ್ಸ್ ವಿಭಾಗದವರು, ಮಂಗಳೂರಿನವರು, ಕಾಲೇಜಿನಲ್ಲಿ ನಿಜವಾಗಿ ಆಡಿದವರು. ಸುದ್ದಿ ಓದಿ ನನಗೆ ಪಾಪ ಅನಿಸಿತು, ಜೊತೆಗೇ ಸಮಾಧಾನವೂ ಆಯಿತು. ಸೋಲಿಗೆ ಒಬ್ಬ ಜವಾಬ್ದಾರ ಸಿಕ್ಕಿದನಲ್ಲ, ಇನ್ನು ಹುಡುಕಾಟ ನಿಂತಿತು ಎಂದುಕೊಂಡು ಹೆಬ್ಬೆರಳಿನ ಚಿತ್ರ ಹಾಕಿ, ಎರಡು ದೋಸೆ ಹೆಚ್ಚಿಗೆ ತಿಂದೆ. ವಿನಯಾ ಚಟ್ನಿ ಬಡಿಸುತ್ತ ತಣ್ಣಗೆ ಹೇಳಿದಳು: “ಅಡುಗೆ ಮಾಡಿದವರನ್ನು ಕಳಿಸಿ ಆಯ್ತಲ್ಲ, ಇನ್ನು ತರಕಾರಿ ತಂದವರು ಯಾರು ಅಂತ ಕೇಳ್ತಾರೆ ನೋಡಿ.”

ತಟ್ಟೆಯಲ್ಲಿ ಉಳಿದದ್ದನ್ನು ಹಾಗೇ ಬಿಟ್ಟು ಎದ್ದೆ. ಆಫೀಸಿಗೆ ಹೋಗಿ ನೋಡಿದರೆ ರೋಶನ್ ಅವರ ಕುರ್ಚಿ ಖಾಲಿ. ಮೇಜಿನ ಮೇಲೆ ಅವರ ನೀರಿನ ಬಾಟಲಿಯೂ ಇಲ್ಲ. ಮೈದಾನದಲ್ಲಿ ಖಲಾಸ್ ಆದವರು ಆಫೀಸಿನಲ್ಲೂ ಖಲಾಸ್ ಎಂದಾದರೆ ನನ್ನ ಗತಿ ಏನು? ಕೆಲಸ ಹೋದರೆ ವೀಸಾ ಹೋಗುತ್ತದೆ, ವೀಸಾ ಹೋದರೆ ಕುಸೈಸ್ ಬಡಾವಣೆಯ ಮನೆ, ಮಗಳ ಶಾಲೆ, ಎಲ್ಲ ಸಾಲಾಗಿ ಹೋಗುತ್ತದೆ. ಯಾರನ್ನಾದರೂ ಕೇಳೋಣವೆಂದರೆ, ಕೇಳಿದ್ದೇ ಯಜಮಾನರಿಗೆ ನನ್ನ ನೆನಪು ಮಾಡಿಕೊಟ್ಟಂತೆ ಆಗುತ್ತದೆ ಎಂಬ ಹೆದರಿಕೆ. ಇಡೀ ದಿನ ಪ್ರಿಂಟರಿನ ಮರೆಯಲ್ಲೇ ಓಡಾಡಿದೆ. ಸಂಜೆ ಸುಧಾಕರಣ್ಣನ ವಾಯ್ಸ್ ಮೆಸೇಜ್ ಬಂತು. ಶುಕ್ರವಾರ ಮುರಕ್ಕಬಾತ್ ರಸ್ತೆಯ ಹೋಟೆಲಿನಲ್ಲಿ ಸೇರೋಣ, ನೀವು ಈವರೆಗೆ ತೆಗೆದ ಆಟಗಾರರ ಬಗ್ಗೆ ಸ್ವಲ್ಪ ಮಾತಾಡುವುದಿದೆ ಎಂದು. ಉತ್ತರದಲ್ಲಿ ಸರ್ ಎಂದು ಬರೆಯಬೇಕೋ ಅಣ್ಣ ಎಂದು ಬರೆಯಬೇಕೋ ತಿಳಿಯದೆ, ‘ಓಕೆ’ ಎಂದಷ್ಟೇ ಬರೆದು, ಅದು ಉದ್ಧಟತನವಾಯಿತೇನೋ ಎಂದು ಮತ್ತೆ ಹೆದರಿದೆ.

ಶುಕ್ರವಾರದವರೆಗೆ ನಾನು ಆರಿಸಿದವರನ್ನೆಲ್ಲ ಮನಸ್ಸಿನಲ್ಲೇ ಮೆರವಣಿಗೆ ಮಾಡಿಸಿದೆ. ಒಬ್ಬನನ್ನು ವಾಟ್ಸ್ಯಾಪಿನ ಫೋಟೋ ನೋಡಿ ತೆಗೆದಿದ್ದೆ. ಚೆಂಡನ್ನು ಗಾಳಿಯಲ್ಲಿ ಒದೆಯುತ್ತಿರುವ ಆ ಭಂಗಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಫೋಟೋದಲ್ಲಿದ್ದದ್ದು ಅವನ ತಮ್ಮ ಎಂದು ಆಮೇಲೆ ತಿಳಿಯಿತು. ಕಳೆದ ವರ್ಷ ತೆಗೆದ ಇನ್ನೊಬ್ಬ ಒಳ್ಳೆಯ ಆಟಗಾರನೇ, ಆದರೆ ಲೀಗ್ ಶುರುವಾದ ವಾರ ವಾರ್ಷಿಕ ರಜೆಯಲ್ಲಿ ಊರಿಗೆ ಹೋದವನು ಲೀಗ್ ಮುಗಿಸಿಕೊಂಡು ಹಲಸಿನ ಹಪ್ಪಳ ತಂದುಕೊಟ್ಟ. ಹಪ್ಪಳ ಚೆನ್ನಾಗಿತ್ತು ಎಂಬುದನ್ನು ಸಭೆಯಲ್ಲಿ ಹೇಳಲು ಬರುವುದಿಲ್ಲ. ಆದರೆ ನನ್ನ ನಿಜವಾದ ಹೆದರಿಕೆ ಇದ್ದದ್ದು ಹಮೀದರ ವಿಷಯದಲ್ಲಿ.

ಹಮೀದ್ ಬ್ಯಾರಿ ಸಮುದಾಯದವರು, ಬಹಳ ಮರ್ಯಾದಸ್ಥರು. ಈ ವರ್ಷ ನಾನು ಮೊದಲ ಸರದಿಯಲ್ಲೇ ಕೂಗಿದ್ದು ಅವರ ಹೆಸರನ್ನು. ಕೂಗುವ ಮೊದಲು ಫೋನ್ ಮಾಡಿ ವಿಚಾರಿಸಿದ್ದೆ ಕೂಡ. ನಾನೇನೂ ಬೇಜವಾಬ್ದಾರಿಯ ಮನುಷ್ಯನಲ್ಲ. ನೀವು ಕೀಪರ್ ಅಂತ ಕೇಳಿದೆ, ಹೌದಾ ಎಂದೆ. “ಹೌದು ಸರ್, ದುಬೈಗೆ ಬಂದಾಗಿಂದ ಅದೇ ಕೆಲಸ” ಎಂದರು. ಹೇಗಿದೆ ಅನುಭವ ಎಂದೆ. “ನಾನು ಇರುವಾಗ ಒಂದು ಐಟಂ ಆಚೆಈಚೆ ಆದದ್ದು ಇಲ್ಲ ಸರ್” ಎಂದರು. ಚೆಂಡನ್ನು ಐಟಂ ಎನ್ನುವಷ್ಟು ಪಳಗಿದ ಗೋಲ್‌ಕೀಪರ್ ಸಿಕ್ಕನಲ್ಲ ಎಂದು ನಾನು ಪುಳಕಗೊಂಡೆ. ಅವರು ಕುಸೈಸಿನ ಗೋದಾಮೊಂದರಲ್ಲಿ ಸ್ಟೋರ್‌ಕೀಪರ್ ಎಂಬುದು ಗೊತ್ತಾದದ್ದು ಮೊದಲ ಪಂದ್ಯದ ದಿನ, ಅವರು ಬೂಟಿನ ಬದಲು ಬೀಗದ ಕೈಗಳ ಗೊಂಚಲಿನೊಂದಿಗೆ ಬಂದಾಗ. ತಂಡದ ಜೆರ್ಸಿ, ಚೆಂಡು, ನೀರಿನ ಬಾಟಲಿ ನೋಡಿಕೊಳ್ಳಲು ಜನ ಬೇಕೆಂದು ಯಾರೋ ಹೇಳಿದ್ದರಂತೆ, ಹಾಗೆ ಹೆಸರು ಕೊಟ್ಟಿದ್ದರು. ಮೊದಲೇ ಹೇಳಬಾರದಿತ್ತೇ ಎಂದರೆ, ಇಷ್ಟು ದೊಡ್ಡವರು ಕರೆದದ್ದು, ಇಲ್ಲ ಅಂತ ಹೇಳಲಿಕ್ಕೆ ಹೆದರಿಕೆ ಆಯಿತು ಎಂದರು. ಆ ಕ್ಷಣ ಅವರ ಮೇಲೆ ನನಗೆ ಒಡಹುಟ್ಟಿದವನ ಪ್ರೀತಿ ಉಕ್ಕಿತು. ಗೋಲಿನಲ್ಲಿ ನಿಂತ ಮೇಲೆ ಅವರು, ಬಂದ ಚೆಂಡನ್ನೆಲ್ಲ ಒಳಗೆ ಬರಮಾಡಿಕೊಂಡು, ಬಲೆಯಿಂದ ಎತ್ತಿ, ಒರೆಸಿ ಹಿಂದಕ್ಕೆ ಕೊಟ್ಟರು. ಮನೆಯಲ್ಲಿ ಇದನ್ನು ಹೇಳಿಕೊಂಡಾಗ ಮಗಳು ಮೊಬೈಲಿನಿಂದ ತಲೆಯೆತ್ತದೆ, “ಅಪ್ಪಾ, ಡಿಡ್ ಯು ಈವನ್ ಸೀ ಹಿಮ್ ಪ್ಲೇ?” ಎಂದಳು. ನಾನು ಹೋಮ್‌ವರ್ಕ್ ಆಯಿತೇ ಎಂದು ಕೇಳಿದೆ.

ಶುಕ್ರವಾರ ಹೋಟೆಲಿಗೆ ಹೋದರೆ ಸುಧಾಕರಣ್ಣ ಒಬ್ಬರೇ ಮೂಲೆಯ ಮೇಜಿನಲ್ಲಿ ಕೂತಿದ್ದರು. ನನ್ನ ಬಾಯಿಯಿಂದ “ನಮಸ್ಕಾರ ಸರಣ್ಣ” ಎಂಬ ಮಾತು ಹೊರಟಿತು. ಅವರು ಕೂತುಕೊಳ್ಳಿ ಎಂದು, ಬನ್ಸ್ ತರಿಸಿ, ಒಬ್ಬೊಬ್ಬರ ಹೆಸರು ಹೇಳುತ್ತ ಇವನನ್ನು ಯಾಕೆ ತೆಗೆದದ್ದು ಎಂದು ಕೇಳುತ್ತ ಹೋದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಹೆದರಿಸಿತು. ಫೋಟೋದವನ ಬಗ್ಗೆ ಹೇಳಿದೆ, ರಜೆಯವನ ಬಗ್ಗೆ ಹೇಳಿದೆ. ಹಮೀದರ ಸರದಿ ಬಂದಾಗ ಸುಳ್ಳು ಹೇಳೋಣವೆಂದುಕೊಂಡೆ, ಆದರೆ ಸುಳ್ಳಿಗೂ ಸ್ವಲ್ಪ ಧೈರ್ಯ ಬೇಕಾಗುತ್ತದೆ. ಐಟಮ್ಮಿನವರೆಗೂ ಎಲ್ಲ ಹೇಳಿಬಿಟ್ಟೆ. ಸುಧಾಕರಣ್ಣ ಚಹಾದ ಲೋಟದ ಮೇಲೆ ತಲೆ ಬಗ್ಗಿಸಿದರು. ಅವರ ಭುಜ ಅಲುಗುತ್ತಿತ್ತು. ಅದು ನಗೆಯೋ ಬೇರೇನೋ ಎಂದು ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಕೊನೆಗೆ ನಾನೇ ತಡೆಯಲಾರದೆ, ರೋಶನ್ ಅವರ ಹಾಗೆ ನನ್ನದೂ ಕೆಲಸ ಹೋಯಿತೇ ಎಂದು ಕೇಳಿಬಿಟ್ಟೆ.

“ರೋಶನ್ ಕೆಲಸ ಎಲ್ಲಿ ಹೋಗಿದೆ ಮಾರಾಯ್ರೆ? ಅಬುಧಾಬಿ ಸೈಟಿಗೆ ಹೋಗಿದ್ದಾನೆ, ಸೋಮವಾರ ಬರ್ತಾನೆ. ಆಟ ಬೇರೆ, ಆಫೀಸು ಬೇರೆ” ಎಂದರು. ನನ್ನ ಕಣ್ಣಲ್ಲಿ ನೀರು ಬಂತು. ಮಗಳ ಶಾಲೆ, ಮನೆ, ವೀಸಾ ಎಲ್ಲ ತಿರುಗಿ ಬಂದು ಪಕ್ಕದ ಕುರ್ಚಿಯಲ್ಲಿ ಕೂತ ಹಾಗಾಯಿತು. ಆ ಸಂತೋಷದಲ್ಲಿ ಅವರ ಮುಂದಿನ ಮಾತಿಗೂ ತಲೆಯಾಡಿಸಿಬಿಟ್ಟೆ. “ಜಿಎಂ ಕೆಲಸ ಇನ್ನು ಬೇರೆಯವರು ನೋಡ್ಲಿ. ನೀವು ಕೋಚ್ ಆಗಿ. ನೀವೇ ತೆಗೆದ ಜನ ಅಲ್ವಾ, ನೀವೇ ಆಡಿಸಿ.”

ಮರುದಿನ ಸಂಜೆ ಮೈದಾನಕ್ಕೆ ಹೋದೆ. ಕೊರಳಲ್ಲಿ ಹೊಸ ಸೀಟಿ, ತಲೆಯ ಮೇಲೆ ಟೋಪಿ. ಜಿಎಂ ಆಗಿದ್ದಾಗ ಮೈದಾನದ ಹೊರಗೆ ಕುರ್ಚಿಯಲ್ಲಿ ಕೂತು, ಬೇರೆಯವರು ಚಪ್ಪಾಳೆ ತಟ್ಟಿದಾಗ ತಟ್ಟಿ, ತಲೆ ಚಚ್ಚಿಕೊಂಡಾಗ ಚಚ್ಚಿಕೊಂಡು ಕಾಲ ಕಳೆದಿದ್ದೆ. ಗೆರೆಯ ಒಳಗೆ ಕಾಲಿಟ್ಟದ್ದು ಅದೇ ಮೊದಲು. ಒಳಗಿನಿಂದ ನೋಡಿದರೆ ಮೈದಾನ ಬಹಳ ದೊಡ್ಡದಾಗಿತ್ತು. ನಾನು ಆರಿಸಿದವರೆಲ್ಲ ನನ್ನ ಸುತ್ತ ನಿಂತರು. ಎಲ್ಲರ ಮುಖದಲ್ಲೂ ಭಕ್ತಿಯಿತ್ತು. ಹಮೀದ್ ಕೈ ಕಟ್ಟಿಕೊಂಡು, ಬಹಳ ದಿನದಿಂದ ಕೇಳಬೇಕು ಅಂತಿದ್ದೆ, ಸಂಕೋಚ ಆಗ್ತಿತ್ತು ಎಂದು ಶುರುಮಾಡಿದರು.

“ಸರ್, ಬಾಲ್ ಅವರ ಹತ್ರ ಇರುವಾಗ ನಾವು ಮುಂದೆ ಹೋಗ್ಬೇಕಾ, ಹಿಂದೆ ಬರ್ಬೇಕಾ?”

ಉಳಿದವರೂ ಹೌದು ಹೌದು ಎಂಬಂತೆ ಹತ್ತಿರ ಸರಿದರು. ಎಲ್ಲರಿಗೂ ಇದೇ ಸಂಶಯ ಇದ್ದಂತಿತ್ತು. ಒಳ್ಳೆಯ ಪ್ರಶ್ನೆ, ನನಗೂ ಇಷ್ಟು ವರ್ಷದಿಂದ ಇದ್ದ ಪ್ರಶ್ನೆಯೇ. ಉತ್ತರ ಹೇಳುವವರು ಎಲ್ಲಿದ್ದಾರೆಂದು ನಾನೂ ಆಸೆಯಿಂದ ಹಿಂದಕ್ಕೆ ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ.